ಕೋಳಿಯ ಹಡಗು, ನಮ್ಮ ಕೋಟು

ಉರಿಬಿಸಿಲಿನ ದೇಶಕ್ಕೆ ಹೋಗಿ ಚಳಿಗೆ ನಡುಗುವ ಕೆಲಸ ಹಿಡಿದವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಅವೇ ಬಂದು ಮೈಮೇಲೆ ಬೀಳುತ್ತವೆ.

ಎಂಬತ್ತರ ದಶಕದಲ್ಲಿ ನಾನು ಸೌದಿಯ ದಮ್ಮಾಮ್ ಬಂದರಿನಲ್ಲಿದ್ದೆ. ನಮ್ಮ ಅಜ್ಜಂದಿರ ಕಾಲದ ಒಂದು ಶೈತ್ಯ ಹಡಗನ್ನು ದಡಕ್ಕೆ ಕಟ್ಟಿಹಾಕಿ ಗೋದಾಮು ಮಾಡಿದ್ದರು. ಎಂಜಿನ್ ಸತ್ತಿತ್ತು, ತಣ್ಣಗಿಡುವ ಯಂತ್ರ ಮಾತ್ರ ಗಟ್ಟಿಮುಟ್ಟಾಗಿತ್ತು. ಅದರ ಹೊಟ್ಟೆಯಿಂದ ಹೆಪ್ಪುಗಟ್ಟಿದ ಕೋಳಿಯ ಪೆಟ್ಟಿಗೆ ಹೊರುವವರು ನಾವು, ಕರಾವಳಿಯವರು. ನಮಗೆ ಚಳಿಯ ಕೋಟು ಕೊಟ್ಟಿರಲಿಲ್ಲ. ಕೋಳಿ ಕೆಟ್ಟರೆ ಕಂಪನಿಗೆ ನಷ್ಟ. ನಾವು ಕೆಟ್ಟರೆ ಊರಿಂದ ಇನ್ನೊಬ್ಬ ಬರುತ್ತಾನಲ್ಲ! ಮುಷ್ಕರ ಹೂಡುವಂತಿಲ್ಲ. ಹೂಡಿದರೆ ನಮ್ಮ ವೀಸಾದ ಒಡೆಯ, ಕಫೀಲ್, ಮಾರನೇ ದಿನವೇ ವಿಮಾನ ಹತ್ತಿಸುತ್ತಾನೆ.

ಡಾಕ್ಟರ ಸಲಹೆ

ಜುಲೈ ತಿಂಗಳಲ್ಲಿ ನಮ್ಮವನೊಬ್ಬನ ಬೆರಳುಗಳು ಚಳಿಗೆ ಮರಗಟ್ಟಿ ನೀಲಿಯಾದವು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಬೆರಳು ತಿರುಗಿಸಿ ತಿರುಗಿಸಿ ನೋಡಿದರು.

"ಯಾವ ದೇಶಕ್ಕೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ ಸರ್, ಇಲ್ಲೇ ಬಂದರಲ್ಲಿ ಕೆಲಸ."

ಡಾಕ್ಟರು ಹೊರಗಿನ ಬಿಸಿಲನ್ನೊಮ್ಮೆ ನೋಡಿ ನಿಟ್ಟುಸಿರುಬಿಟ್ಟರು. "ಬಿಸಿಲು ತಲೆಗೇರಿದೆ. ಸ್ವಲ್ಪ ದಿನ ಎಲ್ಲಾದರೂ ತಣ್ಣಗಿನ ಜಾಗದಲ್ಲಿ ಕೆಲಸ ಕೇಳು."

ಗೇಟಿನ ತಪಾಸಣೆ

ಇನ್ನೊಬ್ಬ ಇದ್ದಬದ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು ಬರುತ್ತಿದ್ದ. ಕೆಲಸ ಮುಗಿಸಿ ಹೊರಟಾಗ ಅವನ ಉಬ್ಬಿದ ಹೊಟ್ಟೆ ನೋಡಿ ಗೇಟಿನ ಕಾವಲುಗಾರ ತಡೆದ. ಒಳಗೆ ಕೋಳಿ ಇದೆಯೆಂದು ಅವನಿಗೆ ಖಾತ್ರಿ. "ಯಲ್ಲಾ, ಬೇಗ ಬಿಚ್ಚು!" ಒಂದು ಸ್ವೆಟರ್ ಬಂತು. ಅದರೊಳಗಿಂದ ಇನ್ನೊಂದು, ಮತ್ತೊಂದು. ಕೊನೆಗೆ ಹೆಂಡತಿಯ ಗುಲಾಬಿ ಹೂವಿನ ಸ್ವೆಟರ್. ಕಾವಲುಗಾರ ಮೆಲ್ಲಗೆ ಹಿಂದೆ ಸರಿದ. ಕಳ್ಳನೆಂದು ಹಿಡಿದವನನ್ನು ಹುಚ್ಚನೆಂದು ಬಿಟ್ಟುಬಿಟ್ಟ.

ಕೆಳಗಿನ ಮೀಟಿಂಗು

ಮ್ಯಾನೇಜರು ಮಂಗಳೂರಿನವರು. ಕೋಟು ಕೇಳಿದಾಗೆಲ್ಲ ಎ.ಸಿ. ಕೋಣೆಯಲ್ಲಿ ಕೂತು ಒಂದೇ ಮಾತು: "ಎಂತ ಮಾರಾಯ, ಸೌದಿಯಲ್ಲಿ ಕೋಟಾ? ಕೇಳಿದವರು ನಗ್ತಾರೆ."

"ನಗಲಿ ಸರ್. ಒಮ್ಮೆ ಕೆಳಗೆ ಹಡಗಿನ ಹೊಟ್ಟೆಗೆ ಬನ್ನಿ, ಅಲ್ಲೇ ಮಾತಾಡುವ," ಎಂದೆ.

"ಐದು ನಿಮಿಷ ಮಾತ್ರ," ಎಂದು ಅರ್ಧ ತೋಳಿನ ಅಂಗಿ, ಟೈಯಲ್ಲೇ ಇಳಿದು ಬಂದರು.

ಕೆಳಗೆ ನಮ್ಮ ಮೇಸ್ತ್ರಿ ಇದ್ದರು. ವಯಸ್ಸಾದ ಸೌದಿ, ಕಫೀಲನ ಸೋದರಮಾವ. ಮೈತುಂಬ ಕುರಿಯುಣ್ಣೆಯ ನಿಲುವಂಗಿ. ಮನೆಗೆ ಬಂದ ಅತಿಥಿಯ ಕ್ಷೇಮ ಪೂರ್ತಿ ವಿಚಾರಿಸದೆ ಕೆಲಸದ ಮಾತು ತೆಗೆಯುವುದು ಅವರ ಪದ್ಧತಿಯಲ್ಲೇ ಇಲ್ಲ. ಹಡಗೂ ಅವರಿಗೆ ಮನೆಯೇ. ಮ್ಯಾನೇಜರನ್ನು ಕೋಳಿ ಪೆಟ್ಟಿಗೆಯ ಮೇಲೆ ಕೂರಿಸಿ, ಎರಡೂ ಕೈ ಹಿಡಿದುಕೊಂಡು ಶುರುಮಾಡಿದರು.

"ಹೇಗಿದ್ದೀರಿ? ಮನೆಯವರು ಹೇಗಿದ್ದಾರೆ? ಮಕ್ಕಳು?"

"ಅಲ್‌ಹಮ್ದುಲಿಲ್ಲಾ, ಎಲ್ಲ ಚೆನ್ನಾಗಿದ್ದಾರೆ." ತಮ್ಮ ಅರಬ್ಬಿಯ ಮೇಲೆ ಮ್ಯಾನೇಜರರಿಗೆ ಬಹಳ ಹೆಮ್ಮೆ.

"ತಂದೆ? ತಾಯಿ? ಅಣ್ಣತಮ್ಮಂದಿರು ಎಷ್ಟು ಜನ?"

"ಏಳು," ಎಂದುಬಿಟ್ಟರು ಪಾಪ.

ಮೇಸ್ತ್ರಿಗೆ ಖುಷಿಯೋ ಖುಷಿ. ಹಿರಿಯಣ್ಣನಿಂದ ಹಿಡಿದು ಒಬ್ಬೊಬ್ಬರ ಆರೋಗ್ಯ, ಉದ್ಯೋಗ, ಸಂತಾನ ವಿಚಾರಿಸತೊಡಗಿದರು. ಕಫೀಲನ ಸೋದರಮಾವನ ಮಾತನ್ನು ಅರ್ಧಕ್ಕೆ ತಡೆಯುವ ಧೈರ್ಯ ಯಾರಿಗಿದೆ? ನಾಲ್ಕನೆಯವನ ಹೊತ್ತಿಗೆ ಮ್ಯಾನೇಜರರ ಹಲ್ಲು ಕಟಕಟ ಎನ್ನುತ್ತಿತ್ತು. ಆರನೆಯವನ ಹೊತ್ತಿಗೆ ಮೂಗು ಕೆಂಪಾಗಿ, ಟೈಯನ್ನೇ ಕಿವಿಗೆ ಸುತ್ತಿಕೊಂಡಿದ್ದರು. ನಾವು ಪೆಟ್ಟಿಗೆಗಳ ಹಿಂದೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದಿದ್ದೆವು.

ಕಡೆಗೆ ಅವರು ಎದ್ದು ನಿಂತು ಕಿರುಚಿದರು. "ಕೋಟು ಕೊಡಿಸ್ತೇನೆ! ಎಲ್ಲರಿಗೂ! ಇವತ್ತೇ! ನನ್ನನ್ನು ಮೇಲೆ ಬಿಡಿ ಮಾರಾಯ್ರೇ!"

ಮೇಸ್ತ್ರಿ ನಗುತ್ತ ಅವರ ಹೆಗಲು ಹಿಡಿದು ಮತ್ತೆ ಕೋಳಿಯ ಮೇಲೆ ಕೂರಿಸಿದರು.

"ಕೋಟಿನ ಮಾತಿಗೆ ಏನವಸರ? ನಿಮ್ಮ ಹೆಂಡತಿಯ ಕಡೆಯವರ ವಿಷಯ ಇನ್ನೂ ಕೇಳಿಯೇ ಇಲ್ಲ."