ಬಾಡಿಗೆ ಏರಿಕೆಗೊಂದು ಹೇಳಿಕೆ

ತಿರುಮಲೇಶ್ವರ ಗೌಡರು ಮೂಸಕುಂಞಿಯವರನ್ನು ಮೊದಲು ಕಂಡ ದಿನ, ಗೌಡರ ಹಿಂದೆ ಒಂದು ಆಟೋದ ತುಂಬ ಕೆಟ್ಟುಹೋದ ರೇಡಿಯೋಗಳಿದ್ದವು. "ಈ ಗುಜರಿ ಮನೆಯಲ್ಲಿದ್ರೆ ನಾನಿಲ್ಲ" ಎಂದು ಹೆಂಡತಿ ಶೀಲಾವತಿ ತೀರ್ಪು ಕೊಟ್ಟಿದ್ದರು. ಹೆಂಡತಿಯನ್ನೂ ಕಳೆದುಕೊಳ್ಳಬಾರದು, ರೇಡಿಯೋಗಳಿಗೂ ದ್ರೋಹವಾಗಬಾರದು! ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ ಗೌಡರು ಬೆಳ್ಳಾರೆಯಲ್ಲಿ ಮೂಸಕುಂಞಿಯವರ ಗೋದಾಮಿನ ಒಂದು ಕೋಣೆ ಬಾಡಿಗೆಗೆ ಹಿಡಿದರು. ಮನೆಯಲ್ಲಿ, "ಎಲ್ಲ ಮಾರಿ ಆಯ್ತು" ಎಂದರು.

ಕೆಲಕಾಲ ಸುಖವಾಗಿ ಕಳೆಯಿತು. ಒಂದು ದಿನ ಮೂಸಕುಂಞಿಯವರು ತಣ್ಣಗೆ ಹೇಳಿದರು, "ಗೌಡ್ರೆ, ಈ ತಿಂಗಳಿಂದ ಬಾಡಿಗೆ ಸ್ವಲ್ಪ ಜಾಸ್ತಿ ಉಂಟು."

ಜಗತ್ತಿನ ಸಮಸ್ತ ಬಾಡಿಗೆದಾರರ ಪರವಾಗಿ ಗೌಡರು ಗುಡುಗಿದರು. "ಹಾಗೆಲ್ಲ ಏರಿಸ್ಲಿಕ್ಕಾಗುದಿಲ್ಲ ಮಾರಾಯ್ರೆ! ನಮ್ಮ ಕರಾರು ಎಂತ? ಒಂದು ತಿಂಗಳ ಮೊದಲು ಹೇಳಿಕೆ ಕೊಡ್ಬೇಕು. ಅದು ನನ್ನ ಹಕ್ಕು!"

"ಹೇಳಿಕೆಯಾ?"

"ಹೌದು, ಹೇಳಿಕೆ! ಕ್ರಮಪ್ರಕಾರ!"

"ಆಯ್ತು, ತಪ್ಪಾಯ್ತು. ಕ್ರಮಪ್ರಕಾರವೇ ಮಾಡುವ."

ಗೌಡರು ಗೆದ್ದ ಗತ್ತಿನಲ್ಲಿ ಮನೆಗೆ ನಡೆದರು. ನೋಟೀಸು ಎಂದಿದ್ದರೆ ಸಾಕಿತ್ತು. ಆದರೆ ಅವರದು ಅಚ್ಚಗನ್ನಡದ ಅಭಿಮಾನ. ನಮ್ಮೂರಿನಲ್ಲಿ ಹೇಳಿಕೆ ಎಂದರೆ ಮದುವೆಯವರು ಮನೆಬಾಗಿಲಿಗೇ ಬಂದು ಕರೆಯುವುದು ಎಂಬುದು ಆವೇಶದಲ್ಲಿ ಮರೆತೇಹೋಗಿತ್ತು!

ಭಾನುವಾರ ಬೆಳಗ್ಗೆ ಮೂಸಕುಂಞಿಯವರು ಅತ್ತರು ಪೂಸಿಕೊಂಡು, ಮಡದಿ ನಫೀಸಮ್ಮನೊಂದಿಗೆ, ಹಲ್ವದ ಪೊಟ್ಟಣ ಹಿಡಿದು ಮನೆಗೇ ಬಂದರು. ಶೀಲಾವತಿ ಬೆಲ್ಲ ನೀರು ಕೊಟ್ಟು ಸಂಭ್ರಮದಿಂದ ಕೇಳಿದರು, "ಎಂತ ವಿಶೇಷ? ಮಗಳ ಮದುವೆಯಾ?"

"ಅಲ್ಲ ಅಕ್ಕ. ಬರುವ ತಿಂಗಳು ಇದೇ ತಾರೀಕಿಗೆ ಗೌಡ್ರ ರೇಡಿಯೋ ಕೋಣೆಯ ಬಾಡಿಗೆ ಏರಿಸ್ಲಿಕ್ಕುಂಟು. ಹೇಳಿಕೆ ಕೊಡದೆ ಆಗುದಿಲ್ಲ ಅಂದ್ರು. ಹಾಗೆ ನಿಮಗೆಲ್ಲ ಹೇಳಿ ಹೋಗುವ ಅಂತ ಬಂದದ್ದು."

ಗೌಡರ ಬಾಯಲ್ಲಿದ್ದ ಹಲ್ವ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಶೀಲಾವತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏರಿಸಿ ಸಾಹೇಬ್ರೆ, ತೊಂದ್ರೆ ಇಲ್ಲ. ಅದೇ ಬಾಡಿಗೆಯಲ್ಲಿ ಇವರನ್ನೂ ಇಟ್ಟುಕೊಳ್ಬಹುದಾ?"

ನಫೀಸಮ್ಮ ಸೆರಗಿನೊಳಗೆ ನಕ್ಕರು. ಮೂಸಕುಂಞಿಯವರು ಗಂಭೀರವಾಗಿ ಯೋಚಿಸಿ, "ಹಗಲಿಗೆ ಆಗ್ಬಹುದು ಅಕ್ಕ. ರಾತ್ರಿಗೆ ನೀವೇ ಸುಧಾರಿಸ್ಬೇಕು" ಎಂದರು.

ಈಗ ಗೌಡರು ದಿನವೂ ಬುತ್ತಿ ಹಿಡಿದು ಗೋದಾಮಿಗೆ ಹೋಗಿ ರೇಡಿಯೋ ರಿಪೇರಿ ಮಾಡುತ್ತಾರೆ. ಮನೆ ವಿಶಾಲವಾಯಿತೆಂದು ಶೀಲಾವತಿಗೂ ಸಮಾಧಾನ. ಪಕ್ಕದ ಕೋಣೆಯ ಬಾಡಿಗೆದಾರರು ಸಲಹೆ ಕೇಳಲು ಬಂದರೆ ಗೌಡರು ದನಿ ತಗ್ಗಿಸಿ ಹೇಳುತ್ತಾರೆ:

"ಹಕ್ಕು ಬಿಡ್ಬೇಡಿ. ಆದ್ರೆ ಇಂಗ್ಲಿಷಿನಲ್ಲಿ ಕೇಳಿ ಮಾರಾಯ್ರೆ!"