ಅವ್ವನ ಶ್ಯಾವಿಗೆಗೊಂದು ಲಿಫ್ಟು

ಆರಿಸುವ ಕೆಲಸ ನನಗೆ ಒಗ್ಗಿ ಬರುವಂಥದ್ದಲ್ಲ. ಒಮ್ಮೆ ಹಾನಗಲ್ಲಿಗೆ ಹೊರಟ ಬಸ್ಸು ಪೂರ್ತಿ ಖಾಲಿ ಇತ್ತು. ಯಾವ ಸೀಟಿನಲ್ಲಿ ಕೂರಲಿ ಎಂದು ಯೋಚಿಸುತ್ತ ಊರು ಬರುವವರೆಗೂ ನಿಂತೇ ಹೋದವನು ನಾನು. ಇಂಥವನ ಕೈಗೆ ಮನೆಗೊಂದು ಲಿಫ್ಟು ಆರಿಸುವ ಜವಾಬ್ದಾರಿ ಬಂತು.

ಅಕ್ಕಿಆಲೂರಿನ ನಮ್ಮ ಮನೆಯ ಮೇಲೆ ವಿಶಾಲವಾದ ಮಾಳಿಗೆ ಇದೆ. ಬೇಸಿಗೆ ಬಂತೆಂದರೆ ಗಲ್ಲಿಯ ಹೆಂಗಸರೆಲ್ಲ ಅಲ್ಲಿ ಸೇರಿ ಶ್ಯಾವಿಗೆ ಹೊಸೆಯುತ್ತಾರೆ. ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಮಾತ್ರ ನಮ್ಮವ್ವನದು. ಮೊಣಕಾಲು ಹಿಡಿದುಕೊಂಡು ಆಕೆ ಮೆಟ್ಟಿಲು ಬಿಟ್ಟ ವರ್ಷ ಹಿಟ್ಟಿನ ಉಂಡೆಯೇ ಬಟ್ಟಲಿನಲ್ಲಿ ಕೆಳಗಿಳಿದು ಬಂತು. ಅವ್ವ ಎರಡು ಬೆರಳಲ್ಲಿ ಜಗ್ಗಿ ನೋಡಿ, ಇನ್ನಷ್ಟು ನಾದಬೇಕು ಎಂದು ಹೇಳಿ ಕಳಿಸುವಷ್ಟರಲ್ಲಿ ಮೇಲೆ ಹೊಸೆಯಲು ಶುರುವಾಗಿರುತ್ತಿತ್ತು. ಆ ವರ್ಷದ ಶ್ಯಾವಿಗೆ ಕುದಿಸಿದರೆ ಗಂಜಿಯಾಯಿತು. ಅವ್ವ ಒಂದು ಮಾತೂ ಬೈಯಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಮುಂದಿನ ಬೇಸಿಗೆಯೊಳಗೆ ಲಿಫ್ಟು ಹಾಕಿಸಿಯೇ ಬಿಡುತ್ತೇನೆ ಎಂದು ನಾನು ಅಲ್ಲೇ ಸಾರಿಬಿಟ್ಟೆ.

ನಮ್ಮ ಕಡೆ ಯಾವ ದೊಡ್ಡ ಸಾಮಾನನ್ನೂ ಇನ್ನೊಬ್ಬರ ಮನೆಯಲ್ಲಿ ನೋಡದೆ ತರುವುದಿಲ್ಲ. ಮೊದಲು ಹಾನಗಲ್ಲಿನ ಬೀಗರ ಮನೆಗೆ ಹೋದೆ. ಉಪ್ಪಿಟ್ಟು, ಚಹಾ ಆದಮೇಲೆ ಬೀಗರು ತಮ್ಮ ಲಿಫ್ಟಿನಲ್ಲಿ ನನ್ನನ್ನು ಐದು ಸಲ ಮೇಲೆ ಕೆಳಗೆ ಓಡಾಡಿಸಿ, ಹಾಕಿಸಿದರೆ ಗಾಜಿನದೇ ಹಾಕಿಸಿ ಎಂದರು. ಶಿಗ್ಗಾಂವಿಯ ಗೆಳೆಯ ಅವಲಕ್ಕಿ ಕೊಟ್ಟು, ಗಾಜು ಮಾತ್ರ ಬೇಡವೇ ಬೇಡ ಎಂದ. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರಿಗೆ ಸಿಟ್ಟು. ಹಾಗಾಗಿ ಎಲ್ಲರಿಗೂ "ನೋಡೋಣ್ರಿ" ಎಂದು ಹೇಳಿ, ಸವಣೂರು ಹಿರೇಕೆರೂರುಗಳನ್ನೂ ಸುತ್ತಿ ಬಂದೆ. ಅಷ್ಟರಲ್ಲಿ ಇನ್ನೊಂದು ಬೇಸಿಗೆ ಕಳೆದೇ ಹೋಯಿತು. "ಹೆಣ್ಣು ನೋಡಾಕ ಹೊಂಟಾಗೂ ನೀವು ಇಷ್ಟು ಮನಿ ತಿರುಗಿರಲಿಲ್ರಿ" ಎಂದಳು ಹೆಂಡತಿ. ಆಗ ತಿರುಗಿದ್ದರೆ ಒಳ್ಳೆಯದಿತ್ತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ.

ಕೊನೆಗೂ ಒಂದನ್ನು ಗೊತ್ತು ಮಾಡಿದೆ. ಅದರಲ್ಲಿ ಕನ್ನಡಿ, ಫ್ಯಾನು, ಬಾಗಿಲು ತೆಗೆದಾಗ ಸಣ್ಣ ಸಂಗೀತ ಎಲ್ಲ ಇದ್ದವು. ಲಿಫ್ಟಿನವರು ಬಂದು ಪಡಸಾಲೆಯ ಮೂಲೆಯಲ್ಲಿ ಸುಣ್ಣದ ಕಡ್ಡಿಯಿಂದ ಅದರ ಅಳತೆಯ ಚೌಕ ಬರೆದರು. ನಾನು ಹೆಮ್ಮೆಯಿಂದ ಅವ್ವನನ್ನು ಕರೆತಂದು ಅದರೊಳಗೆ ನಿಲ್ಲಿಸಿದೆ. ಆಕೆ ನನ್ನ ಭುಜ ಹಿಡಿದುಕೊಂಡು ಸುತ್ತ ನೋಡಿದಳು.

"ಇದರಾಗ ಕುಂದ್ರೂದು ಎಲ್ಲೋ?"

ಸ್ವಲ್ಪ ಹೊತ್ತು ನಿಂತರೆ ಸಾಕು, ಮೇಲೆ ಮುಟ್ಟಿಬಿಡುತ್ತೀ ಎಂದೆ.

"ನಿಂದ್ರಾಕ ಬರೂಹಂಗಿದ್ರ ಹೆಂಗರ ಮಾಡಿ ಹತ್ತೇ ಹೋಗ್ತಿದ್ನೆಲ್ಲೋ" ಎಂದಳು ಅವ್ವ.

ನಾಲ್ಕು ತಾಲೂಕಿನ ಉಪ್ಪಿಟ್ಟು ತಿಂದು ಬಂದವನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಲಿಫ್ಟಿನವರು ಚೌಕ ಅಳಿಸಿ, ಅವ್ವನ ಕುರ್ಚಿಯನ್ನೇ ತರಿಸಿಟ್ಟು, ಜೊತೆಗೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಹೊಸ ಗೆರೆ ಎಳೆದರು.

ಈ ಬೇಸಿಗೆಯಲ್ಲಿ ಲಿಫ್ಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅವ್ವನನ್ನು ಕೂರಿಸಿಕೊಂಡು ಮೇಲೆ ಹೋದೆ. ಹೆಂಗಸರೆಲ್ಲ ಎದ್ದು ಸೆರಗು ಸರಿಮಾಡಿಕೊಂಡರು. ಅವ್ವ ಹಿಟ್ಟನ್ನು ಬೆರಳಲ್ಲಿ ಜಗ್ಗಿ, "ಹೂಂ, ಹೊಸೀರಿ" ಎಂದಳು. ಆ ಗತ್ತು ನೋಡಿ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಆಕೆ ಸಾವಕಾಶವಾಗಿ ಮಾಳಿಗೆಯನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿದಳು. ನೀರಿನ ಟಾಕಿಯ ಹಿಂದೆ, ಆಕೆ ಮೆಟ್ಟಿಲು ಬಿಟ್ಟಮೇಲೆ ನಾನು ತಂದಿಟ್ಟುಕೊಂಡಿದ್ದ ಆರಾಮ ಕುರ್ಚಿ, ತಲೆದಿಂಬು, ಡಾಕ್ಟರು ಬೇಡವೆಂದ ಮಿರ್ಚಿ ಭಜಿಯ ಎಣ್ಣೆ ಕಾಗದಗಳು. ನಾನು ಕುರ್ಚಿಗೆ ಅಡ್ಡ ಬಂದು ನಿಂತೆನಾದರೂ ಹೊತ್ತು ಮೀರಿತ್ತು.

"ಒಂದು ಲಿಫ್ಟ್ ಆರಿಸಾಕ ಎರಡು ವರ್ಷ ಯಾಕ ಬೇಕಾತು ಅಂತ ಈಗ ತಿಳೀತು ನೋಡಪ್ಪ" ಎಂದಳು.

ಹಾಗೇನಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ನಿಜ ಹೇಳಬೇಕೆಂದರೆ, ನನಗೂ ಅದು ತಿಳಿದದ್ದು ಆಗಲೇ.