ಗಂಗುಲಪ್ಪನವರು ಕೊಂಡ ಶಾಂತಿ

ಮೇಲೂರಿನ ಗಂಗುಲಪ್ಪನವರಿಗೆ ದೇವರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಊರಿನಲ್ಲಿ ಹೆಂಚಿನ ಮನೆ, ಹಿತ್ತಲಲ್ಲಿ ಒಂದು ಸೀಮೆಹಸು, ಮತ್ತು ಆದಿಲಕ್ಷ್ಮಮ್ಮ. ಕೊನೆಯದನ್ನು ಕೊಡುವಾಗ ಮಾತ್ರ ದೇವರ ಕೈ ಸ್ವಲ್ಪ ಧಾರಾಳವಾಗಿತ್ತು. (ಹೆಂಡತಿಯ ವಿಷಯವಲ್ಲ, ಆಕೆಯ ಕೋಪದ ವಿಷಯ.)

ಚಳಿಗಾಲದ ಮಂಜಿನಲ್ಲಿ ಸೂರ್ಯನಾದರೂ ತಡವಾಗಿ ಏಳುತ್ತಿದ್ದ. ಆದಿಲಕ್ಷ್ಮಮ್ಮನವರ ಕೋಪಕ್ಕೆ ಆ ಸೋಮಾರಿತನವಿರಲಿಲ್ಲ. ಅದು ದಿನಾ ಬೆಳಗಾಗುವ ಮುಂಚೆ, ಹಾಲಿನ ತಂಬಿಗೆಯ ಜೊತೆ, ಹಿತ್ತಲ ಬಾಗಿಲಿಂದ ಒಳಗೆ ಬರುತ್ತಿತ್ತು. ತಂಬಿಗೆ ದಡಾರನೆ ಕೂರುತ್ತಿತ್ತು. ಆಮೇಲೆ ಒಲೆಗೆ ಒಂದು ಮಾತು, ಬೇಯದ ಬೇಳೆಗೆ ಒಂದು ಮಾತು, ಪಕ್ಕದ ಮನೆಯ ಕೊಂಡಮ್ಮನ ಕೋಳಿಗಳಿಗೆ ಎರಡು ಮಾತು. ಉಳಿದದ್ದು ಗಂಡನಿಗೆ.

"ಒದ್ದೆ ಟವಲು ಹಾಸಿಗೆ ಮೇಲೆ ಎಸ್ದಿದೀರಲ್ಲ, ಹಾಸಿಗೇನೂ ಸ್ನಾನ ಮಾಡಿತ್ತಾ?"

ಗಂಗುಲಪ್ಪನವರು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಟ್ಟವರ ಗತಿ ಏನಾಗುತ್ತದೆಂದು ಅವರು ಸ್ವಾನುಭವದಿಂದ ತಿಳಿದಿದ್ದರು.

ಒಂದು ದಿನ ಕಚೇರಿಯಲ್ಲಿ ಪಕ್ಕದ ಮೇಜಿನ ರಮೇಶ್‌ಬಾಬು ಗಂಗುಲಪ್ಪನವರ ಮುಖ ನೋಡಿ ನಕ್ಕರು.

"ಏಮಯ್ಯಾ ಗಂಗುಲಪ್ಪ, ಇವತ್ತೂ ಮಂಗಳಾರತಿ ಆಯ್ತಾ? ನೋಡಿಲ್ಲಿ, ನಿಂಗೋಸ್ಕರಾನೇ ಹಾಕವ್ರೆ."

ವಾರಪತ್ರಿಕೆಯ ಹಿಂಬದಿಯಲ್ಲಿ ಜಾಹೀರಾತು: ಸೌಮ್ಯಾಮೃತ ಚೂರ್ಣ. ಮುಂಗೋಪ, ಸಿಡುಕು, ಸಿಟ್ಟು ಸೆಡವುಗಳಿಗೆ ಗಿಡಮೂಲಿಕೆಗಳ ರಾಮಬಾಣ. ಮೊದಲ ಡಬ್ಬ ಉಚಿತ. ಅಂಚೆ ಖರ್ಚು ಮಾತ್ರ. ಗಂಗುಲಪ್ಪನವರು ನಗಲಿಲ್ಲ. ಮಧ್ಯಾಹ್ನ ಬುತ್ತಿ ಮುಗಿಸಿ, ಹೊರಗಿನ ಹೊಂಗೆಮರದ ಕೆಳಗೆ ನಿಂತು, ಜಾಹೀರಾತಿನ ನಂಬರು ಒತ್ತಿ, ಮೊಬೈಲು ಕಿವಿಗಿಟ್ಟರು. ಯಾವುದೋ ಬ್ಯಾಂಕಿನವರು ಕಚೇರಿಯವರಿಗೆಲ್ಲ ಕ್ರೆಡಿಟ್ ಕಾರ್ಡು ಹಂಚಿ ಹೋಗಿದ್ದ ಕಾಲ ಅದು. ಆ ಕಡೆಯ ಹೆಣ್ಣುದನಿ ಅಂಚೆ ಖರ್ಚಿಗೆಂದು ಕಾರ್ಡಿನ ನಂಬರು ಕೇಳಿತು. ಆಮೇಲೆ, "ಬಳಸೋರ ಹೆಸರು ಸಾರ್?"

ಗಂಗುಲಪ್ಪನವರು ಆಚೀಚೆ ನೋಡಿ, ದೇವರ ಹೆಸರು ಹೇಳುವಷ್ಟು ಮೆಲ್ಲಗೆ, "ಆದಿಲಕ್ಷ್ಮಮ್ಮ" ಎಂದರು.

ಡಬ್ಬ ಕಚೇರಿಯ ವಿಳಾಸಕ್ಕೆ ಬಂತು. ಮಾರನೆಯ ಬೆಳಿಗ್ಗೆ ಮೇಲೂರಿನ ಆ ಮನೆಯಲ್ಲಿ ಹಿಂದೆಂದೂ ನಡೆಯದ ಘಟನೆಯೊಂದು ನಡೆಯಿತು. ಹೆಂಡತಿ ಹಿತ್ತಲಿಗೆ ಹೋಗುವ ಮುಂಚೆಯೇ ಗಂಗುಲಪ್ಪನವರು ಎದ್ದು, ಒಲೆ ಹಚ್ಚಿ, ಕಾಫಿ ಮಾಡಿದರು. ಒಂದು ಚಮಚ ಚೂರ್ಣ ಬೆರೆಸಿ, ಲೋಟವನ್ನು ಹೆಂಡತಿಯ ಕೈಗಿಟ್ಟರು. ಆಕೆ ಲೋಟ ನೋಡಿದರು, ಗಂಡನನ್ನು ನೋಡಿದರು.

"ಜ್ವರ ಗಿರ ಏನಾದ್ರೂ ಬಂದಿದೆಯಾ ನಿಮಗೆ?"

"ನೀನೂ ಎಷ್ಟೂಂತ ದುಡೀತೀಯ, ಕುಡಿ."

ಆಕೆ ಲೋಟ ಹಿಡಿದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ತಂದಿಟ್ಟರು.

ವಾರ ತುಂಬುವುದರೊಳಗೆ ಚೂರ್ಣ ತನ್ನ ಮಹಿಮೆ ತೋರಿಸಿತು. ತಂಬಿಗೆ ಸದ್ದಿಲ್ಲದೆ ಕೂರತೊಡಗಿತು. ಒದ್ದೆ ಟವಲನ್ನು ಆಕೆಯೇ ಎತ್ತಿ ಹಗ್ಗದ ಮೇಲೆ ಹರವಿದರು. ಕೊಂಡಮ್ಮನ ಕೋಳಿಗಳಿಗೆ ಅಕ್ಕಿನುಚ್ಚು ಬಿತ್ತು. ಆ ಕೊಂಡಮ್ಮನೇ ಗಂಗುಲಪ್ಪನವರನ್ನು ಬಸ್‌ಸ್ಟಾಪಿನಲ್ಲಿ ತಡೆದು, "ಏನಣ್ಣ, ಅಕ್ಕಂಗೆ ಮೈ ಹುಷಾರಿಲ್ವಾ?" ಎಂದು ಆತಂಕದಿಂದ ಕೇಳಿದಳು. ಒಂದು ಮುಂಜಾನೆ ಹೆಂಡತಿ ಹಸುವಿನ ಬಳಿ ಕೂತು ಹಾಡು ಗುನುಗುವುದು ಕೇಳಿ, ದಿನದ ಕಾಫಿ ಕೊಟ್ಟು ಮತ್ತೆ ಹಾಸಿಗೆ ಸೇರಿದ್ದ ಗಂಗುಲಪ್ಪನವರು ಕಣ್ಣು ಮುಚ್ಚಿ ಮಲಗಿದ್ದರು. ಮದುವೆಯ ಹೊಸತರಲ್ಲಿ ಕೇಳಿದ್ದ ದನಿ ಅದು. ಇಷ್ಟು ಸುಖ ಒಂದು ಚಮಚದಲ್ಲಿದೆಯೆಂದು ಯಾರಿಗೆ ಗೊತ್ತಿತ್ತು?

ಬ್ಯಾಂಕಿಗೆ ಗೊತ್ತಿತ್ತು. ಎರಡನೆಯ ತಿಂಗಳು ಅವರು ಕೇಳದೆಯೇ ಡಬ್ಬ ಬಂತು, ಕಾರ್ಡಿನಿಂದ ಹಣ ಹೋಯಿತು. ಮೂರನೆಯ ತಿಂಗಳು ಎರಡು ಡಬ್ಬ, ಜೊತೆಗೆ ಯಾರೂ ಬೇಡದ ಒಂದು ಕೇಶವರ್ಧಿನಿ ತೈಲ. ಮೇಜಿನ ಅರೆಯಲ್ಲಿ ಕಡತಗಳಿಗೆ ಜಾಗವಿಲ್ಲದಷ್ಟು ಶಾಂತಿ ತುಂಬಿಕೊಂಡಿತು. ಗಂಗುಲಪ್ಪನವರು ಮತ್ತೆ ಹೊಂಗೆಮರದ ಕೆಳಗೆ ನಿಂತರು.

"ನಿಲ್ಸಬೇಕಾ ಸಾರ್? ಆಗಲಿ ಸಾರ್. ಆದ್ರೆ ಬಳಸೋರೇ ತಮ್ಮ ಬಾಯಲ್ಲಿ ಬೇಡ ಅನ್ಬೇಕು ಸಾರ್. ನಮ್ಮ ಕಂಪನಿ ರೂಲ್ಸು. ಮನೆ ನಂಬರ್ ಕೊಡಿ, ನಾವೇ ಮೇಡಂಗೆ ಫೋನ್ ಮಾಡ್ತೀವಿ."

ಮರದ ನೆರಳಿನಲ್ಲೂ ಗಂಗುಲಪ್ಪನವರು ಬೆವತರು. ಹಣ ಉಳಿಯಬೇಕಾದರೆ ಹೆಂಡತಿ ಬೇಡ ಎನ್ನಬೇಕು. ಆದರೆ ಏನನ್ನು ಬೇಡ ಎನ್ನುತ್ತಿದ್ದೇನೆಂದು ಆಕೆಗೆ ತಿಳಿಯಕೂಡದು. ತಿಳಿದರೆ, ಮೂರು ತಿಂಗಳು ಅದುಮಿಟ್ಟ ಕೋಪ ಬಡ್ಡಿ ಸಮೇತ ಹೊರಗೆ ಬರುತ್ತದೆ. ಬಸ್ಸಿನುದ್ದಕ್ಕೂ ಯೋಚಿಸಿ, ಮನೆಗೆ ಬಂದವರೇ ಹೆಂಡತಿಗೆ ಪಾಠ ಹೇಳಿಕೊಟ್ಟರು.

"ಯಾರೋ ಇನ್ಶೂರೆನ್ಸಿನೋರು ಫೋನ್ ಮಾಡ್ತಾರೆ ಕಣೇ. ಪೀಡೆ ಜನ. ಮಾತಾಡೋಕೆ ಹೋಗ್ಬೇಡ. ‘ಬೇಡ’ ಅಂದ್ಬಿಟ್ಟು ಇಟ್ಬಿಡು."

"ಅಷ್ಟೇ ತಾನೆ," ಎಂದರು ಆದಿಲಕ್ಷ್ಮಮ್ಮ.

ಅಷ್ಟೇ ಆಗಬೇಕಿತ್ತು. ಆದರೆ ಫೋನು ಬಂದದ್ದು ಶುಕ್ರವಾರ, ಮುಸ್ಸಂಜೆಯಲ್ಲಿ. ಆದಿಲಕ್ಷ್ಮಮ್ಮ ಆಗ ತಾನೆ ದೀಪ ಹಚ್ಚಿ, ಹೊಸ್ತಿಲಿಗೆ ಹೂವಿಟ್ಟು, ಮುಂಬಾಗಿಲು ತೆರೆದಿಟ್ಟಿದ್ದರು. ಗಂಗುಲಪ್ಪನವರು ಬಾಯನ್ನು ಅಗಲಿಸಿ, ಸದ್ದಿಲ್ಲದೆ, "ಬೇಡ, ಬೇಡ" ಎಂದು ಅಭಿನಯಿಸಿದರು. ಆಕೆ ಫೋನಿಗೆ ಕೈ ಅಡ್ಡ ಹಿಡಿದು ಗದರಿಸಿದರು.

"ದೀಪ ಹಚ್ಚೋ ಹೊತ್ತಲ್ಲಿ ಅಂಥ ಮಾತು ಆಡ್ತಾರೇನ್ರೀ? ಮನೆಗೆ ಬರೋ ಲಕ್ಷ್ಮಿ ಬಾಗಿಲಲ್ಲೇ ನಿಂತ್ಕೊತಾಳೆ." ಆಮೇಲೆ ಫೋನಿಗೆ, "ಹೇಳಮ್ಮ ತಾಯಿ, ಏನದು?"

ಆ ಕಡೆಯ ಮಾತು ಗಂಗುಲಪ್ಪನವರಿಗೆ ಕೇಳುತ್ತಿರಲಿಲ್ಲ. ಈ ಕಡೆಯದು ಮಾತ್ರ ಒಂದೊಂದಾಗಿ ಬಂದು ಎದೆಗೆ ಬಡಿಯುತ್ತಿತ್ತು.

"ಹೂಂ, ನಾನೇ ಆದಿಲಕ್ಷ್ಮಮ್ಮ… ಚೂರ್ಣನಾ? ಯಾವ ಚೂರ್ಣ?… ಕೋಪಕ್ಕಾ? ಯಾರ ಕೋಪಕ್ಕಮ್ಮ?… ಓಹೋ… ಕಾಫೀಲಿ ಬೆರೆಸ್ಕೊಂಡು… ಹಸಿರು ಬಣ್ಣನಾ? ಬೇವಿನಸೊಪ್ಪಿನ ವಾಸನೆ ಬರುತ್ತಾ?… ಹಂಗೇಳು."

ಗಂಗುಲಪ್ಪನವರು ದೇವರ ಮೂಲೆಯ ಕಡೆ ಸರಿದರು. ದೇವರ ಎದುರು ಯಾರೂ ಹೊಡೆಯುವುದಿಲ್ಲವೆಂಬ ನಂಬಿಕೆ. ಆದಿಲಕ್ಷ್ಮಮ್ಮ ಹಿತ್ತಲ ಬಾಗಿಲ ಕಡೆ ನೋಡಿದರು. ಆಮೇಲೆ ಹೇಳಿದ ಮಾತಿನಲ್ಲಿ ಕೋಪವಿರಲಿಲ್ಲ, ಆಶ್ಚರ್ಯವಿತ್ತು.

"ಅದಕ್ಕೇ ಮತ್ತೆ ಗೌರಿ ಒದೆಯೋದು ಬಿಟ್ಟಿರೋದು."

"ಯಾವ ಗೌರಿ?" ಎಂದರು ಗಂಗುಲಪ್ಪನವರು.

"ನಮ್ಮನೇಲಿ ಎಷ್ಟು ಜನ ಗೌರಿ ಇದಾರ್ರೀ? ಹಸು. ಕರು ಹಾಕಿದಾಗಿಂದ ದಿನಾ ಬೆಳಿಗ್ಗೆ ನನಗೆ ಒದ್ದು, ಹಾಲೆಲ್ಲ ಚೆಲ್ತಿತ್ತು. ಕೊಟ್ಟಿಗೆ ಕಡೆ ತಲೆ ಹಾಕಿದ್ರೆ ತಾನೆ ನಿಮಗೆ ಗೊತ್ತಾಗೋದು? ಒದೆಸ್ಕೊಂಡು ಬಂದೋಳು ನಗ್ತಾ ಬರ್ತಾಳಾ?"

"ಮತ್ತೆ ಕಾಫಿ?"

"ಹುಟ್ಟಿದಾಗಿಂದ ಒಲೆ ಮುಂದೆ ನಿಲ್ಲದೋರು ಕಾಫಿ ಮಾಡ್ಕೊಟ್ರಿ. ಬಾಯಿಗಿಡೋ ಹಂಗಿರ್ಲಿಲ್ಲ. ಚೆನ್ನಾಗಿಲ್ಲ ಅಂದ್ರೆ ನೊಂದ್ಕೋತೀರಾ ಅಂತ ದಿನಾ ಗೌರಿ ಕುಡಿಯೋ ಕಲಗಚ್ಚಿನ ಬಾನಿಗೆ ಸುರೀತಿದ್ದೆ. ನನ್ನ ಮೇಲೆ ಪ್ರೀತಿ ಬಂದು ಮಾಡ್ತಾ ಇದಾರೆ ಅಂದ್ಕೊಂಡಿದ್ದೆ, ದಡ್ಡಿ ನಾನು."

ಬೈಗುಳವಾಗಿದ್ದರೆ ಗಂಗುಲಪ್ಪನವರು ಎಂದಿನಂತೆ ತಲೆ ತಗ್ಗಿಸಿ ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಎಲ್ಲಿ ತಲೆ ಇಡಬೇಕೆಂದೇ ತಿಳಿಯಲಿಲ್ಲ. ಫೋನು ಇನ್ನೂ ಕುಯ್‌ಗುಟ್ಟುತ್ತಿತ್ತು. ಆದಿಲಕ್ಷ್ಮಮ್ಮ ಅದನ್ನು ಕಿವಿಗಿಟ್ಟರು.

"ಹೂಂ ಇದೀನಮ್ಮ. ಬರ್ಲಿ, ತಪ್ಪದೆ ಬರ್ಲಿ. ದೊಡ್ಡ ಡಬ್ಬ ಇದ್ರೆ ಅದನ್ನೇ ಕಳ್ಸು. ಬಳಸೋರ ಹೆಸರು ಗೌರಿ ಅಂತ ತಿದ್ಕೊ… ವಯಸ್ಸಾ? ನಾಲ್ಕು… ಹೂಂ ಕಣಮ್ಮ, ನಾಲ್ಕೇ. ಒಂದು ಹೆತ್ತಿದ್ದಾಳೆ… ತೂಕ ನಾವು ನೋಡಿಲ್ಲ."

ತಿಂಗಳ ಗುರಿ ಮುಟ್ಟಬೇಕಾದ ಆ ಹುಡುಗಿ ಹೆಚ್ಚು ಕೇಳದೆ ಎಲ್ಲವನ್ನೂ ಬರೆದುಕೊಂಡಳು. ಫೋನಿಟ್ಟ ಆದಿಲಕ್ಷ್ಮಮ್ಮ ದೀಪದ ಬತ್ತಿ ಸರಿಮಾಡಿ, ಗಂಡನ ಕಡೆ ತಿರುಗಿದರು.

"ಇಷ್ಟು ದಿನ ಕದ್ದು ಬೆರೆಸಿದ್ದು ಸಾಕು. ನಾಳೆಯಿಂದ ಕೊಟ್ಟಿಗೆಗೆ ಬಂದು ಎದುರಿಗೇ ಬೆರೆಸಿ. ನಿಮ್ಮ ಕೈರುಚಿ ಅದಕ್ಕೆ ಒಗ್ಗಿದೆ."

ಮುಂದಿನ ತಿಂಗಳ ಮೊದಲ ದಿನ, ಕಾರ್ಡಿನಿಂದ ಹಣ ಹೋಯಿತೆಂದು ಮೊಬೈಲು ಗುಣುಗಿದಾಗ, ಗಂಗುಲಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಯಲ್ಲಿ ನಿಂತಿದ್ದರು. ಹಿಂದಿನ ದಿನವಷ್ಟೇ ಅವರು ಕಂಪನಿಗೆ ಕೊನೆಯ ಬಾರಿ ಫೋನು ಮಾಡಿ ನೋಡಿದ್ದರು. ಆ ಕಡೆಯ ದನಿ ಅದೇ ವಿನಯದಿಂದ ಹೇಳಿತ್ತು: "ಖಂಡಿತ ನಿಲ್ಲಿಸ್ತೀವಿ ಸಾರ್. ಗೌರಿ ಮೇಡಂ ಒಂದ್ಸಲ ಲೈನಿಗೆ ಬಂದು ಬೇಡ ಅಂದ್ರೆ ಸಾಕು."

ಗಂಗುಲಪ್ಪನವರು ಗೌರಿಯ ಮುಖ ನೋಡಿದರು. ಅದು ಬಾನಿಯ ತಳ ನೆಕ್ಕಿ ಮುಗಿಸಿ, ಶಾಂತವಾಗಿ ತಲೆಯೆತ್ತಿ, ಇನ್ನೂ ಇದೆಯೇ ಎಂಬಂತೆ ಅವರ ಕೈಯಲ್ಲಿದ್ದ ಡಬ್ಬವನ್ನೇ ನೋಡುತ್ತಿತ್ತು.